ಬೇಲಿಯೊಳಗಿನ ಬಾಣಂತನ

ಸಂಸ್ಕೃತದಲ್ಲಿ ಹಕ್ಕಿಗೆ ಇರುವ ಅನೇಕ ಹೆಸರುಗಳಲ್ಲಿ ದ್ವಿಜ ಎಂಬುದು ನಮಗೆ ಬಹು ಪ್ರಿಯವಾದುದು. ಎರಡು ಸಲ ಹುಟ್ಟತಕ್ಕುದು ಎಂದು ಅದರ ಅರ್ಥ. ತಾಯಿಯ ಒಡಲಿನಿಂದ ಮೊಟ್ಟೆಯಾಗಿ ಹೊರಬೀಳುವುದು ಒಂದು ಜನ್ಮ. ಆ ಮೊಟ್ಟೆಯನ್ನೊಡೆದುಕೊಂಡು ಮರಿಯಾಗಿ ಹೊರಬರುವುದು ಮತ್ತೊಂದು. ಉಪನಯನವಾದ ವಟುವಿಗೂ ಇದೇ ಹೆಸರು, ಬಾಯಿಯೊಳಗಿನ ಹಲ್ಲಿಗೂ ಇದೇ ಹೆಸರು. ಪಾಠಶಾಲೆಯಲ್ಲಿ ಅಮರಕೋಶವನ್ನು ಹೇಳಿಕೊಡುತ್ತಿದ್ದ ಕಾಲದಲ್ಲಿ ಈ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದನ್ನು ಕೇಳಿ ಹುಡುಗರು ನಗುತ್ತಿದ್ದುದುಂಟು. ಅಂಡಜವೆಂದೂ ನೀಡೋದ್ಭವವೆಂದೂ ಬೇರೆ ಹೆಸರುಗಳಿವೆ. ಒಂದು ಮೊಟ್ಟೆಯನ್ನು ನೆನೆದು ಹುಟ್ಟಿದ ಹೆಸರು, ಇನ್ನೊಂದು ಗೂಡನ್ನು ನೆನೆದು ಹುಟ್ಟಿದ ಹೆಸರು. ಆದರೆ ಮೊಟ್ಟೆಯೊಡೆದ ದಿನದಿಂದ ಗೂಡು ಬಿಡುವ ದಿನದವರೆಗೆ ಹನ್ನೆರಡು ಹದಿಮೂರು ದಿವಸಗಳ ಒಂದು ಬಾಳುವೆ ಇದೆಯಷ್ಟೆ, ಅದಕ್ಕೆ ಕೋಶಕಾರರು ಯಾವ ಹೆಸರನ್ನೂ ಇಟ್ಟಂತೆ ಕಾಣುವುದಿಲ್ಲ. ಅವರ ಕ್ಷಮೆ ಬೇಡಿ ಹೇಳುವುದಾದರೆ, ಹಕ್ಕಿಯು ದ್ವಿಜವಲ್ಲ, ತ್ರಿಜ. ಗೂಡಿನ ಅಂಚಿನಿಂದ ಗಾಳಿಗೆ ಬೀಳುವುದೇ ಅದರ ಮೂರನೆಯ ಹುಟ್ಟು. ಈ ಸಲದ ಲೇಖನಕ್ಕೆ ಆ ಹನ್ನೆರಡು ದಿವಸಗಳೇ ವಿಷಯ.

ನಮ್ಮ ವಾಚಕರಲ್ಲಿ ಬಹು ಮಂದಿಯ ಮನೆಯ ಹಿಂದೆ ಅಂಗೈಯಗಲದ ಹಿತ್ತಿಲಾದರೂ ಇರಬಹುದು. ಇಲ್ಲವಾದರೆ ಮಹಡಿಯ ಮೇಲೆ ನಾಲ್ಕು ಕುಂಡಗಳಾದರೂ ಇರಬಹುದು. ಅಷ್ಟಿದ್ದರೆ ಸಾಕು. ಹಕ್ಕಿಗಳ ಸಂಸಾರವನ್ನು ನೋಡಲು ಕಾಡಿಗೆ ಹೋಗಬೇಕಾಗಿಲ್ಲ, ದುರ್ಬೀನನ್ನು ಕೊಳ್ಳಬೇಕಾಗಿಲ್ಲ. ಬೇಕಾದುದು ಒಂದು ಕಿಟಕಿ, ಒಂದು ಕುರ್ಚಿ, ಮಾತನಾಡದೆ ಕುಳಿತಿರುವ ಅಭ್ಯಾಸ. ಮೂರನೆಯದೇ ಕಷ್ಟ. ಮೂವತ್ತು ವರ್ಷ ತರಗತಿಯಲ್ಲಿ ಮಾತನಾಡಿದವರಿಗಂತೂ ಬಹಳ ಕಷ್ಟ.

ಮೈಸೂರಿನ ನಮ್ಮ ಮನೆಯ ಹಿತ್ತಿಲಿಗೆ ದಾಸವಾಳದ ಬೇಲಿ. ಅದರ ಮೂಲೆಯಲ್ಲಿ ಒಂದು ಪಾರಿಜಾತ, ಬಾವಿಯ ಕಡೆಗೆ ಕರಿಬೇವು, ನಿಂಬೆ. ಈ ವರ್ಷ ಯುಗಾದಿಗೆ ಎರಡು ವಾರ ಮುಂಚೆ ಒಂದು ಜೊತೆ ಪಿಕಳಾರಗಳು ಬೇಲಿಯೊಳಕ್ಕೆ ಹೊಕ್ಕು ಹೊರಡುವುದನ್ನು ಕಂಡೆವು. ಪಿಕಳಾರವನ್ನು ನೋಡದವರಿಲ್ಲ, ಹೆಸರನ್ನು ಬಲ್ಲವರು ಕಡಿಮೆ. ಕಂದು ಬೆನ್ನು, ಬಿಳಿಯ ಹೊಟ್ಟೆ, ತಲೆಯ ಮೇಲೆ ನಿಮಿರಿ ನಿಂತ ಕರಿಯ ಜುಟ್ಟು, ಕಣ್ಣಿನ ಹಿಂದೆ ಕುಂಕುಮದ ಬೊಟ್ಟಿಟ್ಟಂತೆ ಕೆಂಪು, ಬಾಲದ ಬುಡದಲ್ಲಿಯೂ ಕೆಂಪು. ಬೆಳಗಿನ ಹೊತ್ತು ತಂತಿಯ ಮೇಲೆ ಕುಳಿತು ಎರಡು ಮೂರು ಇಂಪಾದ ಸ್ವರಗಳನ್ನು ಮತ್ತೆ ಮತ್ತೆ ಹೇಳುವ ಹಕ್ಕಿ ಇದೇ. ಸ್ವೀಡನ್ ದೇಶದ ಲಿನೇಯಸನು ೧೭೫೮ರಲ್ಲಿ ಇದಕ್ಕೆ ಶಾಸ್ತ್ರೀಯವಾದ ನಾಮಕರಣ ಮಾಡಿದಾಗ ಲ್ಯಾಟಿನ್ ಭಾಷೆಯಲ್ಲಿ ವಿನೋದಶೀಲ ಎಂಬರ್ಥದ ಹೆಸರನ್ನು ಕೊಟ್ಟನು. ಆತನು ಇದನ್ನು ಮರಿ ಸಾಕುವ ಕಾಲದಲ್ಲಿ ನೋಡಿರಲಿಕ್ಕಿಲ್ಲ. ಆ ದಿನಗಳಲ್ಲಿ ಇದಕ್ಕೆ ವಿನೋದಕ್ಕೆ ಬಿಡುವೇ ಇರುವುದಿಲ್ಲ.

ಗೂಡು ನಮ್ಮ ಸೊಂಟದೆತ್ತರದಲ್ಲಿತ್ತು. ತೆಳುವಾದ ಕಡ್ಡಿ, ನಾರು, ಒಣಗಿದ ಎಲೆಗಳಿಂದ ಕಟ್ಟಿ, ಜೇಡರ ಬಲೆಯಿಂದ ಬಿಗಿದ ಒಂದು ಬಟ್ಟಲು. ಒಳಗೆ ಸಣ್ಣ ಬೇರು, ಕೂದಲುಗಳ ಹಾಸು. ಹೊರಗಡೆ ಅಲಂಕಾರಕ್ಕೋ ಏನೋ, ಹಾಲಿನ ಪ್ಲಾಸ್ಟಿಕ್ ಚೀಲದ ಒಂದು ಚೂರು. ಈ ಜಾತಿಯ ಹಕ್ಕಿಗೆ ಕಾಗದ, ಪ್ಲಾಸ್ಟಿಕ್ ಚೂರುಗಳನ್ನು ಗೂಡಿಗೆ ಸೇರಿಸುವ ಚಪಲವುಂಟು. ಮನೆಯಾಕೆ ಅದನ್ನು ನೋಡಿ, ಊರಿನಲ್ಲಿ ನಾವು ಎಸೆದದ್ದು ಯಾವುದೂ ದೂರ ಹೋಗುವುದಿಲ್ಲವೆಂದಳು.

ಮೊದಲನೆಯ ಸಲ ಎರಡು ಮೊಟ್ಟೆಗಳು ಬಿದ್ದುವು. ನಸುಗೆಂಪು ಮೈಮೇಲೆ ಕೆಂಗಂದು ಚುಕ್ಕೆ ಚಿಮುಕಿಸಿದ ಮೊಟ್ಟೆಗಳು. ನಾಲ್ಕನೆಯ ದಿವಸ ಮಧ್ಯಾಹ್ನ ಬೇಲಿಯ ಬುಡದಲ್ಲಿ ಭಾರವಾದ ಸದ್ದಾಯಿತು. ಕೆಂಬೂತ. ಕಾಗೆಯಷ್ಟು ದೊಡ್ಡದಾದ, ಕಂದು ರೆಕ್ಕೆಯ, ಕೆಂಡದ ಕಣ್ಣಿನ ಈ ಹಕ್ಕಿಯನ್ನು ನವಿಲನ್ನು ನೋಡಿ ಕುಣಿಯಹೋದ ದಡ್ಡನೆಂದು ನಮ್ಮ ಗಾದೆಯು ಹಾಸ್ಯ ಮಾಡುತ್ತದೆ. ದಡ್ಡತನವೇನೂ ಇಲ್ಲ. ಪೊದೆಯೊಳಗೆ ಮೆಟ್ಟಲು ಮೆಟ್ಟಲಾಗಿ ನಡೆದು ಗೂಡುಗಳನ್ನು ಶೋಧಿಸುವುದರಲ್ಲಿ ಅದನ್ನು ಮೀರಿಸಿದವರಿಲ್ಲ. ಪಿಕಳಾರಗಳು ಜುಟ್ಟು ನಿಮಿರಿಸಿಕೊಂಡು ಕೂಗಿದುವು, ಮೇಲೆ ಬಿದ್ದುವು. ಅದು ತನ್ನ ಕೆಲಸವನ್ನು ಮುಗಿಸಿಕೊಂಡು, ಅವಸರವಿಲ್ಲದೆ, ಬಂದ ದಾರಿಯಲ್ಲಿಯೇ ನಡೆದುಹೋಯಿತು. ಗೂಡು ಬರಿದಾಗಿತ್ತು. ಇಂಥ ನಷ್ಟವು ಅಪರೂಪವೆಂದು ವಾಚಕರು ಎಣಿಸಬಾರದು. ಬಟ್ಟಲಿನಂತೆ ಬಾಯ್ತೆರೆದ ಗೂಡುಗಳಲ್ಲಿ ಕೊನೆ ಮುಟ್ಟದೆ ಹೋಗುವುವು ಬಹಳ. ಕೆಂಬೂತ, ಕಾಗೆ, ಓತಿಕ್ಯಾತ, ಹಾವು, ಬೆಕ್ಕು, ಇರುವೆ, ಹೀಗೆ ಪಾಲು ಕೇಳುವವರು ಅನೇಕರು. ಅದಕ್ಕಾಗಿಯೇ ಈ ಹಕ್ಕಿಗಳು ಒಂದು ಋತುವಿನಲ್ಲಿ ಒಂದೇ ಸಲಕ್ಕೆ ನಿಲ್ಲದೆ ಮತ್ತೆ ಮತ್ತೆ ಗೂಡು ಕಟ್ಟುತ್ತವೆ. ದುಃಖವಿಲ್ಲವೆಂದಲ್ಲ, ಇದ್ದರೆ ಅದಕ್ಕೆ ವೇಳೆಯಿಲ್ಲ.

ಎರಡು ವಾರ ಕಳೆಯುವುದರೊಳಗೆ ಅದೇ ಬೇಲಿಯಲ್ಲಿ, ಹತ್ತು ಮೊಳ ಆಚೆಗೆ, ಮತ್ತೊಂದು ಗೂಡು ಎದ್ದಿತು. ಈ ಸಲ ಮೂರು ಮೊಟ್ಟೆ. ದಿನಕ್ಕೊಂದರಂತೆ ಇಟ್ಟುವು. ಇಲ್ಲಿಂದ ನಮ್ಮ ಮನೆಯ ತೊಡಕು ಮೊದಲಾಯಿತು. ವೈಶಾಖದಲ್ಲಿ ಮೊಮ್ಮಗನ ಉಪನಯನವೆಂದು ನಿಶ್ಚಯವಾಗಿತ್ತು. ಅಡಿಗೆಯ ಚಪ್ಪರವನ್ನು ಹಿತ್ತಿಲಿನಲ್ಲಿಯೇ ಹಾಕತಕ್ಕದ್ದು, ಅದಕ್ಕೆ ಮೊದಲು ಬೇಲಿಯನ್ನು ಮೊಳದೆತ್ತರಕ್ಕೆ ಸವರತಕ್ಕದ್ದು ಎಂದು ಮಗನು ಗೊತ್ತುಮಾಡಿದ್ದನು. ಮಾಲಿಯು ಕತ್ತರಿಯನ್ನು ತಂದೂಬಿಟ್ಟನು. ಮನೆಯಾಕೆ ಹಿತ್ತಿಲ ಬಾಗಿಲಲ್ಲಿ ನಿಂತು, “ಬಾಣಂತಿಯ ಕೋಣೆಗೆ ಕತ್ತರಿ ತರಬಾರದಪ್ಪ, ಇವತ್ತು ಮುಂದಿನ ಬೀದಿಯ ಕೆಲಸ ಮಾಡು” ಎಂದು ಅವನನ್ನು ಹಿಂದಕ್ಕೆ ಕಳುಹಿಸಿದಳು. ಒಂದು ಗೂಡಿಗಾಗಿ ಇನ್ನೂರು ಜನದ ಅಡಿಗೆಯನ್ನು ಎಲ್ಲಿ ಮಾಡುವುದೆಂದು ಮಗನು ಕೇಳಿದನು. ಅವನ ಮಾತು ಅನ್ಯಾಯದ್ದಲ್ಲ. ಖರ್ಚು ಅವನದು, ಜವಾಬ್ದಾರಿ ಅವನದು. ಎರಡು ದಿವಸ ಮನೆಯಲ್ಲಿ ಮಾತು ಬಿಗಿಯಾಗಿಯೇ ಇತ್ತು. ಕಡೆಗೆ ಅಡಿಗೆಯವರೇ ಉಪಾಯ ಹೇಳಿದರು. ಒಲೆಗಳನ್ನು ಮನೆಯ ಪಕ್ಕದ ಓಣಿಯಲ್ಲಿ ಹೂಡಿ, ಹಿತ್ತಿಲನ್ನು ಪಾತ್ರೆಗಳಿಗೆ ಮಾತ್ರ ಬಿಡುವುದು. ಬೇಲಿಗೆ ಆರು ಮೊಳ ದೂರದಲ್ಲಿ ಒಂದು ಹಗ್ಗ ಕಟ್ಟುವುದು. ಒಂದು ದ್ವಿಜನ ಎರಡನೆಯ ಜನ್ಮಕ್ಕಾಗಿ ಮೂರು ದ್ವಿಜಗಳ ಎರಡನೆಯ ಜನ್ಮ ತಪ್ಪಬಾರದೆಂದು ನಾವು ಸಂಸ್ಕೃತದ ಚಮತ್ಕಾರವನ್ನು ಹೇಳಿದೆವು. ಯಾರೂ ನಗಲಿಲ್ಲ.

ಗಂಡುಹೆಣ್ಣುಗಳ ರೂಪದಲ್ಲಿ ಭೇದವಿಲ್ಲದ ಹಕ್ಕಿಯಾದುದರಿಂದ ಯಾವುದು ಯಾವಾಗ ಕಾವಿಗೆ ಕುಳಿತಿತೆಂದು ನಾವು ಹೇಳಲಾರೆವು. ಮೊಟ್ಟೆಯ ಮೇಲೆ ಕೂರುವ ಹಕ್ಕಿಗೆ ಆ ಕಾಲದಲ್ಲಿ ಹೊಟ್ಟೆಯ ಒಂದು ಭಾಗದ ಪುಕ್ಕಗಳು ಉದುರಿ, ಬರಿಯ ಚರ್ಮವು ಕೆಂಪೇರಿ ನಿಲ್ಲುವುದು. ನೆತ್ತರು ತುಂಬಿದ ಆ ಚರ್ಮವೇ ಮೊಟ್ಟೆಗೆ ಒತ್ತಿ ಶಾಖವನ್ನು ಕೊಡತಕ್ಕದ್ದು. ಕಾವೆಂದರೆ ಬರಿಯ ಬಿಸಿಯೆಂದೂ ತಿಳಿಯಬಾರದು. ಮಧ್ಯಾಹ್ನದ ಬಿಸಿಲು ಎಲೆಯ ಸಂದಿನಿಂದ ಗೂಡಿನ ಮೇಲೆ ಬಿದ್ದಾಗ, ಹಕ್ಕಿಯು ಮೊಟ್ಟೆಯ ಮೇಲೆ ಕೂರದೆ, ರೆಕ್ಕೆಗಳನ್ನು ಅರೆಬಿಚ್ಚಿ, ಬಾಯ್ತೆರೆದು ಏದುತ್ತ, ಕೊಡೆಯಂತೆ ನಿಂತಿತ್ತು. ಬೆಳಗ್ಗೆ ಬಿಸಿ ಮಾಡುವ ಮೈಯೇ ಮಧ್ಯಾಹ್ನ ನೆರಳು.

ಹನ್ನೆರಡು ದಿವಸಕ್ಕೆ ಮೊಟ್ಟೆಗಳು ಒಡೆದುವು. ಒಡೆದ ಚಿಪ್ಪಿನ ಚೂರನ್ನು ಹಕ್ಕಿಯು ಕೊಕ್ಕಿನಲ್ಲಿ ಕಚ್ಚಿ ದೂರಕ್ಕೆ ಹಾರಿದ್ದನ್ನು ಕಂಡು ನಾವು ದಿನವನ್ನು ಗುರುತುಹಾಕಿಕೊಂಡೆವು. ಗೂಡಿನ ಹತ್ತಿರಕ್ಕೆ ಹೋಗಿ ನೋಡಲಿಲ್ಲ. ಈ ವಿಷಯದಲ್ಲಿ ವಾಚಕರಿಗೆ ಒಂದು ಮಾತು ಹೇಳಬೇಕು. ಎಲೆಯನ್ನು ಸರಿಸಿ ಇಣಿಕಿ ನೋಡುವ ಆಸೆ ಎಲ್ಲರಿಗೂ ಸಹಜ. ಆದರೆ ಪಕ್ಕದ ಮರದ ಮೇಲೆ ಕಾಗೆಯು ಕುಳಿತು ನಮ್ಮನ್ನು ನೋಡುತ್ತಿರುತ್ತದೆ. ನಾವು ಎಲ್ಲಿಗೆ ಇಣಿಕುತ್ತೇವೆಯೋ ಅಲ್ಲಿ ಏನೋ ಇದೆಯೆಂದು ಅದು ಬಲ್ಲದು. ಸರಿಸಿದ ಎಲೆ ಮೊದಲಿನಂತೆ ಮುಚ್ಚಿಕೊಳ್ಳುವುದೂ ಇಲ್ಲ. ಉಪನಯನಕ್ಕೆ ಬಂದ ನೆಂಟರಲ್ಲಿ ಒಬ್ಬ ಮುದುಕಮ್ಮನವರು, ಕೂಸಿಗೆ ದೃಷ್ಟಿಯಾಗುತ್ತದೆ, ಯಾರೂ ನೋಡಕೂಡದು ಎಂದು ಮಕ್ಕಳನ್ನೆಲ್ಲ ಹಗ್ಗದ ಈಚೆಗೆ ತಡೆದರು. ಕಾರಣ ಬೇರೆಯಾದರೂ ವಿಧಿ ಸರಿಯಾದುದೇ. ನಾವು ತಿದ್ದಲು ಹೋಗಲಿಲ್ಲ.

ಕಿಟಕಿಯಿಂದ ಕಾಣುತ್ತಿದ್ದುದು ಗೂಡಿನ ಅಂಚು ಮಾತ್ರ. ಮೊದಲ ಎರಡು ದಿವಸ ಏನೂ ಕಾಣಲಿಲ್ಲ. ಆಗ ಮರಿಗಳು ಕಣ್ಣು ತೆರೆಯದ, ಪುಕ್ಕವಿಲ್ಲದ, ತಲೆಯೆತ್ತಲಾರದ ಮಾಂಸದ ಮುದ್ದೆಗಳು. ತಮ್ಮ ಮೈಯನ್ನು ತಾವೇ ಬೆಚ್ಚಗಿಟ್ಟುಕೊಳ್ಳಲೂ ಅವುಗಳಿಂದಾಗದು. ಕೋಳಿಯ ಮರಿಯನ್ನು ನೋಡಿದ ನಮಗೆ ಇದು ವಿಚಿತ್ರವಾಗಿ ತೋರುತ್ತದೆ. ಅದು ಹುಟ್ಟಿದ ದಿನವೇ ತಾಯಿಯ ಹಿಂದೆ ಓಡಿ ಕಾಳು ಕುಕ್ಕುತ್ತದೆ. ಪಿಕಳಾರ, ಕಾಗೆ, ಗುಬ್ಬಿ, ಪಾರಿವಾಳ ಮುಂತಾದುವುಗಳ ಮರಿಗಳಿಗೆ ಆ ಯೋಗವಿಲ್ಲ. ಅವಕ್ಕೆ ಬರುವ ವಿದ್ಯೆ ಒಂದೇ: ಗೂಡು ಅಲುಗಿದೊಡನೆ ಕತ್ತನ್ನು ಮೇಲಕ್ಕೆ ಚಾಚಿ ಬಾಯಿ ತೆರೆಯುವುದು. ತಂದೆತಾಯಿಗಳು ಬಂದು ಕುಳಿತರೂ ಸರಿ, ಗಾಳಿ ಬೀಸಿದರೂ ಸರಿ, ಬಾಯಿ ತೆರೆಯುತ್ತವೆ. ಹಾಲೆಂಡಿನ ಟಿನ್‌ಬರ್ಗೆನ್ ಎಂಬ ವಿದ್ವಾಂಸರು ಬೇರೊಂದು ಜಾತಿಯ ಹಕ್ಕಿಮರಿಗಳ ಈ ಬಾಯ್ತೆರೆಯುವಿಕೆಯನ್ನು ಪರೀಕ್ಷಿಸಿ ೧೯೩೯ರಲ್ಲಿ ಪ್ರಕಟಿಸಿದರು. ಕಣ್ಣು ತೆರೆದ ಮೇಲೂ ಮರಿಗೆ ತಾಯಿಯ ಗುರುತು ಬೇಕಾಗಿಲ್ಲ. ರಟ್ಟಿನ ಬಿಲ್ಲೆಯನ್ನು ತಲೆಯ ಹಾಗೆ ಹಿಡಿದರೂ ಅದರ ಕಡೆಗೆ ಬಾಯಿ ತೆರೆಯುತ್ತದೆಂದು ತೋರಿಸಿಕೊಟ್ಟರು. ಪ್ರಾಣಿಗಳ ನಡವಳಿಕೆಯನ್ನು ಕುರಿತ ಇಂಥ ಕೆಲಸಕ್ಕಾಗಿ ೧೯೭೩ರಲ್ಲಿ ಇಬ್ಬರು ಸಹವಿದ್ವಾಂಸರೊಡನೆ ಅವರಿಗೆ ನೊಬೆಲ್ ಬಹುಮಾನವು ದೊರೆಯಿತು.

ಮೂರನೆಯ ದಿನದಿಂದ ಗೂಡಿನ ಅಂಚಿನ ಮೇಲೆ ಬಾಯಿಗಳು ಕಾಣತೊಡಗಿದುವು. ಮೂರು ಕೆಂಪು ಹೂಗಳು ಒಟ್ಟಿಗೆ ಅರಳಿ ಒಟ್ಟಿಗೆ ಮುಚ್ಚಿದಂತೆ. ಬೇಲಿಯ ದಾಸವಾಳಕ್ಕೂ ಇವಕ್ಕೂ ಕಣ್ಣಿಗೆ ಗೊಂದಲವಾಗುತ್ತಿತ್ತು. ಇಲ್ಲಿ ನಾವು ಕಂಡ ಒಂದು ಸಂಗತಿ ನಮಗೆ ಅಷ್ಟು ಹಿತವಾಗಲಿಲ್ಲ. ತಂದೆತಾಯಿಗಳು ಯಾರಿಗೆ ಎಷ್ಟಾಯಿತೆಂದು ಲೆಕ್ಕವಿಡುವುದಿಲ್ಲ. ಯಾವ ಬಾಯಿ ಎಲ್ಲಕ್ಕಿಂತ ಎತ್ತರವೋ, ಯಾವುದು ಹೆಚ್ಚು ಅಗಲವೋ, ಹುಳು ಅದಕ್ಕೆ. ಹಸಿದ ಮರಿ ಹೆಚ್ಚು ಚಾಚುತ್ತದೆ, ತುಂಬಿದ ಮರಿ ಕುಗ್ಗುತ್ತದೆ; ಆದುದರಿಂದ ಆಹಾರ ಹೇರಳವಾಗಿರುವವರೆಗೆ ಎಲ್ಲರಿಗೂ ಸರದಿ ಬರುತ್ತದೆ. ಕೊರತೆಯಾದ ದಿನ ಮಾತ್ರ ಚಿಕ್ಕದಕ್ಕೆ ತಪ್ಪುತ್ತದೆ. ತರಗತಿಯಲ್ಲಿಯೂ ಕೈಯನ್ನು ಎಲ್ಲರಿಗಿಂತ ಎತ್ತರಕ್ಕೆ ಎತ್ತುವ ಹುಡುಗನನ್ನೇ ಉಪಾಧ್ಯಾಯರು ಕೇಳುವುದುಂಟು. ಹಿಂದಿನ ಬೆಂಚಿನವನಿಗೂ ಕೈ ಇದೆಯೆಂದು ನೆನಪಿಟ್ಟುಕೊಳ್ಳುವುದು ಕಲಿತು ಬರತಕ್ಕ ಗುಣ.

ತಿನ್ನಿಸುತ್ತಿದ್ದುದು ಏನು? ಪಿಕಳಾರವು ಮುಖ್ಯವಾಗಿ ಹಣ್ಣು ತಿನ್ನುವ ಹಕ್ಕಿ. ಲಂಟಾನದ ಹಣ್ಣೆಂದರೆ ಅದಕ್ಕೆ ಪ್ರಾಣ. ಆ ಮುಳ್ಳುಕಳೆಯನ್ನು ನಾಡಿನ ತುಂಬ ಹರಡಿದ ಹಕ್ಕಿಗಳಲ್ಲಿ ಇದೂ ಒಂದು. ಆದರೆ ಮರಿಗಳಿಗೆ ಮೊದಲಿಗೆ ಹಣ್ಣಿಲ್ಲ. ಮೆತ್ತನೆಯ ಕಂಬಳಿಹುಳು, ಜೇಡ, ಮಿಡತೆಯ ಮರಿ, ಇವೇ. ಮೈಮಾಂಸ ಬೆಳೆಯಬೇಕಾದ ಕಾಲದಲ್ಲಿ ಬರಿಯ ಸಕ್ಕರೆ ಸಾಲದು. ಕಾಳು ತಿನ್ನುವ ಗುಬ್ಬಿ, ಗೀಜಗಗಳೂ ಮರಿಗಳಿಗೆ ಹುಳುವನ್ನೇ ತರುತ್ತವೆ. ಆದುದರಿಂದ ನಿಂಬೆಗಿಡದ ಎಲೆಯನ್ನು ಹುಳು ತಿನ್ನುತ್ತಿದೆಯೆಂದು ಕೀಟನಾಶಕವನ್ನು ಚಿಮುಕಿಸುವ ಗೃಹಸ್ಥರು, ಆ ಬುಟ್ಟಿಯಿಂದಲೇ ಯಾರ ಮನೆಯ ಕೂಸು ಉಣ್ಣುತ್ತಿದೆಯೆಂದು ಸ್ವಲ್ಪ ನೋಡಿ ಮುಂದುವರಿಯುವುದು ಒಳ್ಳೆಯದು. ಬೆಳಗಿನ ಹೊತ್ತು ಹತ್ತು ನಿಮಿಷಕ್ಕೆ ಒಂದು ಸಲವಾದರೂ ಎರಡರಲ್ಲಿ ಒಂದು ಬಂದುಹೋಗುತ್ತಿತ್ತು. ಒಂದು ವಾರವಾದ ಮೇಲೆ ಹಣ್ಣುಗಳೂ, ರೆಕ್ಕೆ ಮುರಿದ ದೊಡ್ಡ ಹುಳುಗಳೂ ಸೇರಿದುವು.

ಈ ನಿಯಮಕ್ಕೆ ಹೊರತಾದವು ಪಾರಿವಾಳ, ಬೆಳವಗಳು. ಕಪೋತಕುಲದಲ್ಲಿ ತಾಯಿಗೆ ಮಾತ್ರವಲ್ಲ, ತಂದೆಗೂ ಹಾಲು. ಗಂಟಲ ಕೆಳಗಿನ ಚೀಲದ ಒಳಪೊರೆ ಊದಿ ಕಳಚಿ ಮೊಸರಿನಂಥ ಪದಾರ್ಥವಾಗುತ್ತದೆ. ಅದನ್ನೇ ಮರಿಯ ಬಾಯಿಗೆ ಕಕ್ಕುತ್ತವೆ. ಹುಳುವಿನ ಕಾಲವನ್ನು ಕಾಯಬೇಕಾಗಿಲ್ಲವಾದುದರಿಂದ ಅವು ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಸಂಸಾರ ಹೂಡಬಲ್ಲವು. ಹೆಕ್ಕಿದ ಕಾಳಿನಿಂದ ಜೀವಿಸುವ ವ್ರತಕ್ಕೆ ಮಹಾಭಾರತದಲ್ಲಿ ಕಾಪೋತೀ ವೃತ್ತಿಯೆಂಬ ಹೆಸರಿದೆ. ಆ ವ್ರತವನ್ನು ಹಿಡಿದ ಋಷಿಗಳಿಗೆ ಕಪೋತದ ಈ ಇನ್ನೊಂದು ಸಂಪತ್ತು ತಿಳಿದಿತ್ತೋ ಏನೋ.

ಶೌಚದ ಮಾತು ಎತ್ತಿದುದಕ್ಕೆ ಗೃಹಿಣಿಯರು ಮನ್ನಿಸಬೇಕು. ಅವರಿಗೇ ಇದು ಹೆಚ್ಚು ಅರ್ಥವಾಗುವ ವಿಷಯ. ಮೂರು ಮರಿಗಳು, ಹಗಲೆಲ್ಲ ಊಟ, ಆದರೂ ಗೂಡು ಸ್ವಚ್ಛ. ಹೇಗೆ? ಮರಿಯ ಮಲವು ಲೋಳೆಯ ಪೊರೆಯೊಂದರಲ್ಲಿ ಮುಚ್ಚಿ, ಬಿಳಿಯ ಸಣ್ಣ ಗುಳಿಗೆಯಾಗಿ ಬರುತ್ತದೆ. ಊಟ ಕೊಟ್ಟ ಹಕ್ಕಿಯು ಒಂದು ಕ್ಷಣ ಕಾದಿದ್ದು, ಮರಿಯು ಹಿಂದು ತಿರುಗಿ ಎತ್ತಿಕೊಟ್ಟ ಆ ಪೊಟ್ಟಣವನ್ನು ಕಚ್ಚಿಕೊಂಡು ಹೋಗಿ ದೂರದಲ್ಲಿ ಬಿಡುತ್ತದೆ. ಮೊದಲ ದಿವಸಗಳಲ್ಲಿ ನುಂಗಿಬಿಡುವುದೂ ಉಂಟು. ಪೂರ್ತಿ ಜೀರ್ಣವಾಗದ ಸಾರ ಇನ್ನೂ ಅದರಲ್ಲಿರುತ್ತದೆ. ವಾಸನೆಯೂ ಬಿಳಿಯ ಕಲೆಯೂ ಶತ್ರುವಿಗೆ ದಾರಿ ತೋರಿಸದಿರಲೆಂದು ಈ ಏರ್ಪಾಡು. ನಮ್ಮ ಸೊಸೆ ಇದನ್ನು ಕಿಟಕಿಯಿಂದ ಎರಡು ಸಲ ನೋಡಿ, ಮಾತಾಡದೆ, ತನ್ನ ಕೂಸಿನ ಬಟ್ಟೆಯ ರಾಶಿಯನ್ನೆತ್ತಿಕೊಂಡು ಬಾವಿಕಟ್ಟೆಗೆ ಹೋದಳು.

ಉಪನಯನದ ದಿನ ಮರಿಗಳಿಗೆ ಆರನೆಯ ದಿವಸ. ಕಣ್ಣು ಬಿಟ್ಟಿದ್ದುವು; ರೆಕ್ಕೆಯ ಗರಿಗಳು ಸೂಜಿಗಳಂತೆ ಕೊಳವೆಯೊಳಗೆ ಮೊಳೆತಿದ್ದುವು. ಓಲಗದ ಸದ್ದಿಗೆ ತಂದೆತಾಯಿಗಳು ಅರ್ಧ ಗಂಟೆ ಹತ್ತಿರ ಸುಳಿಯಲಿಲ್ಲ. ಪಾರಿಜಾತದ ಮೇಲೆ ಕೊಕ್ಕಿನಲ್ಲಿ ಹುಳು ಹಿಡಿದುಕೊಂಡು ಕಾದುವು. ಒಳಗೆ ಬ್ರಹ್ಮೋಪದೇಶ, ನಾವು ಪೀಠದ ಪಕ್ಕದಲ್ಲಿ ಕುಳಿತಿದ್ದರೂ ಮನಸ್ಸು ಹಿತ್ತಿಲಿನಲ್ಲಿತ್ತೆಂದು ಹೇಳಲು ನಾಚಿಕೆಯೇನಿಲ್ಲ. ಊಟಕ್ಕೆ ಎಲೆ ಹಾಕುವ ವೇಳೆಗೆ ಅವೂ ತಮ್ಮ ಕೆಲಸವನ್ನು ಮೊದಲುಮಾಡಿದ್ದುವು.

ಮೂರು ದಿವಸ ಕಳೆದು ಸಾಯಂಕಾಲ ಸಿಡಿಲು ಮಳೆ ಬಂದಿತು. ವೈಶಾಖದ ಮಳೆಯ ಗಾಳಿ ಎಂಥದೆಂದು ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಬೇಲಿಯು ನೆಲಕ್ಕೆ ಬಾಗಿ ಬಾಗಿ ಏಳುತ್ತಿತ್ತು. ಮಿಂಚಿನ ಬೆಳಕಿನಲ್ಲಿ ಕಂಡದ್ದು ಇಷ್ಟೆ: ಒಂದು ಹಕ್ಕಿ ಗೂಡಿನ ಮೇಲೆ ರೆಕ್ಕೆಗಳನ್ನು ಹರಡಿ, ಜುಟ್ಟು ನೆನೆದು ತಲೆಗೆ ಅಂಟಿ, ಕೊಕ್ಕನ್ನು ಮಳೆಯ ಕಡೆಗೆ ಎತ್ತಿ ಕುಳಿತಿತ್ತು. ಆಮೇಲೆ ಕತ್ತಲೆ. ಬೆಳಗ್ಗೆ ಗೂಡು ವಾಲಿತ್ತು. ಬಾಯಿಗಳು ಎರಡು. ಮೂರನೆಯ ಮರಿ ಬೇಲಿಯ ಬುಡದಲ್ಲಿ ಬಿದ್ದಿತ್ತು, ಇರುವೆ ಹತ್ತಿತ್ತು. ಎಲ್ಲಕ್ಕಿಂತ ಚಿಕ್ಕದೇ ಅದು. ನಾಲ್ಕು ದಿನದ ಹಿಂದೆ ಜನಿವಾರ ಹಾಕಿಕೊಂಡ ಹುಡುಗನು ಬಂದು ನೋಡಿ, ನಿನ್ನೆ ರಾತ್ರಿಯೇ ನಾವು ಛತ್ರಿ ಹಿಡಿಯಬಹುದಿತ್ತಲ್ಲವೇ ಎಂದು ಕೇಳಿದನು. ಕತ್ತಲೆಯಲ್ಲಿ ನಾವು ಹೋಗಿದ್ದರೆ ತಾಯಿ ಹೆದರಿ ಹಾರುತ್ತಿತ್ತು, ಇರುಳಿನಲ್ಲಿ ತಿರುಗಿ ಗೂಡಿಗೆ ಬರಲಾರದೆ ಹೋಗುತ್ತಿತ್ತು, ಆಗ ಮೂರೂ ಹೋಗುತ್ತಿದ್ದುವು ಎಂದೆವು. ಅದು ನಿಜ. ಅವನಿಗೆ ಅದು ಸಾಲಲಿಲ್ಲವೆಂದು ಮುಖದಲ್ಲಿ ಕಾಣುತ್ತಿತ್ತು. ನಾವು ಇನ್ನೇನೂ ಹೇಳಲಿಲ್ಲ. ಅವನೂ ನಾವೂ ಸೇರಿ, ಹಕ್ಕಿಗಳು ಮೇವಿಗೆ ಹೋದ ಸಮಯ ನೋಡಿ, ವಾಲಿದ ಗೂಡಿನ ಕೆಳಗೆ ಎರಡು ಕೊಂಬೆಗಳನ್ನು ಬಾಳೆಯ ನಾರಿನಿಂದ ಕಟ್ಟಿ ಆಧಾರ ಕೊಟ್ಟೆವು. ಎರಡು ನಿಮಿಷದ ಕೆಲಸ. ಹಕ್ಕಿಗಳು ಬಂದು ಹೊಸ ಗಂಟನ್ನು ಒಂದು ಸಲ ಕುಕ್ಕಿ ನೋಡಿ ಒಪ್ಪಿಕೊಂಡುವು.

ಪಕ್ಕದ ಮನೆಯ ಹೊಂಗೆಯ ಮರದಲ್ಲಿ ಅದೇ ಕಾಲಕ್ಕೆ ಕಾಗೆಯ ಗೂಡಿತ್ತು. ಅದರ ಸುತ್ತ ಗಂಡುಕೋಗಿಲೆಯ ಕೂಗು, ಕಾಗೆಗಳ ಅಟ್ಟಾಟ. ಕೋಗಿಲೆಗೆ ಪರಭೃತವೆಂದು ಹೆಸರು, ಎಂದರೆ ಪರರಿಂದ ಪೋಷಿತವಾದುದು. ಕಾಗೆಗೆ ಪರಭೃತ್, ಪರರನ್ನು ಪೋಷಿಸತಕ್ಕುದು. ಕೊನೆಯ ಒಂದಕ್ಷರದಲ್ಲಿ ಸಾಲಗಾರನೂ ಸಾಹುಕಾರನೂ ಅದಲುಬದಲಾಗುವುದು ಸಂಸ್ಕೃತದಲ್ಲಿ ಮಾತ್ರವೇ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಚಿಕ್ಕದು, ಒಡೆಯುವುದೂ ಎರಡು ಮೂರು ದಿವಸ ಮುಂಚೆ. ಮೊದಲು ಹುಟ್ಟಿದ್ದಕ್ಕೆ ಮೊದಲ ತುತ್ತು. ಯೂರೋಪಿನ ಕೋಗಿಲೆಯ ಮರಿಯು ಇನ್ನೂ ಕಣ್ಣು ತೆರೆಯುವ ಮೊದಲೇ ಮನೆಯೊಡೆಯನ ಮೊಟ್ಟೆಗಳನ್ನು ಬೆನ್ನ ಮೇಲೆ ಹೊತ್ತು ಹೊರಕ್ಕೆ ತಳ್ಳುತ್ತದೆಂದು ಜೆನ್ನರನು ೧೭೮೮ರಲ್ಲಿ ಬರೆದನು; ಮೈಲಿಗೆ ದಾಕು ಹಾಕುವುದನ್ನು ಕಂಡುಹಿಡಿದ ವೈದ್ಯನೇ ಅವನು. ನಮ್ಮ ನಾಡಿನ ಕೋಗಿಲೆಯ ಮರಿ ಸಾಮಾನ್ಯವಾಗಿ ಅಷ್ಟು ಕ್ರೂರವಲ್ಲ. ಕಾಗೆಯ ಮರಿಗಳೊಡನೆಯೇ ಬೆಳೆಯುತ್ತದೆ.

ಈ ಪ್ರಸಂಗದಲ್ಲಿ ಶಾಕುಂತಲದ ಐದನೆಯ ಅಂಕವು ನೆನಪಿಗೆ ಬಾರದೆ ಇರದು. ತುಂಬಿದ ಸಭೆಯಲ್ಲಿ ದುಷ್ಯಂತನು ಶಕುಂತಲೆಯ ಮಾತನ್ನು ನಂಬದೆ, ಕಪಟವು ಹೆಣ್ಣಿಗೆ ಹುಟ್ಟುಗುಣವೆಂದು, ತನ್ನ ಮರಿಯನ್ನು ಬೇರೆ ಹಕ್ಕಿಯಿಂದ ಸಾಕಿಸುವ ಕೋಗಿಲೆಯನ್ನು ದೃಷ್ಟಾಂತವಾಗಿ ಹೇಳುತ್ತಾನೆ. ಅನೇಕ ವರ್ಷ ಆ ಅಂಕವನ್ನು ಪಾಠ ಹೇಳಿದ್ದೇವೆ. ಹೇಳುವಾಗಲೆಲ್ಲ ಒಂದು ಮಾತು ಮನಸ್ಸನ್ನು ಚುಚ್ಚುತ್ತಿತ್ತು. ಶಕುಂತವೆಂದರೆ ಹಕ್ಕಿ. ತಾಯಿಯು ಹೆತ್ತು ಕಾಡಿನಲ್ಲಿ ಬಿಟ್ಟುಹೋದ ಹಸುಳೆಯನ್ನು ಹಕ್ಕಿಗಳು ಸುತ್ತುವರಿದು ಕಾಪಾಡುತ್ತಿದ್ದುವು. ಅದನ್ನು ಕಂಡು ಕಣ್ವರು ಶಕುಂತಲೆಯೆಂದು ಹೆಸರಿಟ್ಟರೆಂದು ಮಹಾಭಾರತದಲ್ಲಿದೆ. ಮೇನಕೆಯ ಮಗಳು ತಾನೇ ಪರಭೃತೆ. ಹಕ್ಕಿಗಳು ಕಾಪಾಡಿದ ಹೆಣ್ಣನ್ನು ಹಕ್ಕಿಯ ಹೆಸರು ಹೇಳಿ ನಿಂದಿಸಿದ್ದು ರಾಜನಿಗೆ ಶಾಪದ ಮರೆವಿನಿಂದ ಆದುದಿರಬಹುದು. ಕವಿಗೆ ಮರೆವಿರಲಿಲ್ಲವೆಂದೇ ನಮ್ಮ ಅಭಿಪ್ರಾಯ. ಕೋಗಿಲೆಯ ಮೇಲಿನ ಆರೋಪವೂ ಪೂರ್ತಿ ನ್ಯಾಯವಾದುದಲ್ಲ. ಅದಕ್ಕೆ ಗೂಡು ಕಟ್ಟುವ ವಿದ್ಯೆಯೇ ಇಲ್ಲ. ಇರುವ ವಿದ್ಯೆಯಿಂದ ಮರಿಯನ್ನು ಉಳಿಸಿಕೊಳ್ಳುತ್ತದೆ. ಕಟ್ಟುವ ವಿದ್ಯೆಯನ್ನು ನೋಡಬೇಕಾದರೆ ಸಿಂಪಿಗನಿದ್ದಾನೆ. ಬದನೆಯ ಗಿಡದಲ್ಲಿಯೂ, ದೊಡ್ಡ ಎಲೆಯ ಕುಂಡದ ಗಿಡಗಳಲ್ಲಿಯೂ ಎಲೆಯ ಎರಡು ಅಂಚುಗಳಿಗೆ ತೂತು ಕೊರೆದು, ಹತ್ತಿಯ ಎಳೆ, ಜೇಡರ ದಾರಗಳಿಂದ ಹೊಲಿದು ಜೋಳಿಗೆ ಮಾಡುವ ಆ ಹೆಬ್ಬೆರಳುದ್ದದ ಹಕ್ಕಿಯ ವಿಷಯಕ್ಕೆ ಇನ್ನೊಂದು ಲೇಖನವೇ ಬೇಕು. ಸಲೀಂ ಅಲಿಯವರು ಭಾರತದ ಪಕ್ಷಿಗಳನ್ನು ಕುರಿತು ೧೯೪೧ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವೂ, ನಮ್ಮವರೇ ಆದ ಪೂರ್ಣಚಂದ್ರ ತೇಜಸ್ವಿಯವರ ಕನ್ನಡ ಪುಸ್ತಕಗಳೂ ಗ್ರಂಥಾಲಯಗಳಲ್ಲಿ ದೊರೆಯುತ್ತವೆ, ಆಸಕ್ತರು ನೋಡಬಹುದು.

ಹನ್ನೆರಡನೆಯ ದಿವಸ ಬೆಳಗ್ಗೆ ಏಳು ಗಂಟೆಗೆ ದೊಡ್ಡ ಮರಿ ಗೂಡಿನ ಅಂಚಿಗೆ ಹತ್ತಿತು. ತಂದೆತಾಯಿಗಳು ಹತ್ತಿರ ಬಂದು, ಹಣ್ಣನ್ನು ತೋರಿಸಿ, ಕೊಡದೆ ಹಿಂದಕ್ಕೆ ಸರಿದುವು. ಇದು ಪಾಠವೋ ಭಯವೋ ನೋಡುವವರು ಬೇಕಾದಂತೆ ತಿಳಿಯಬಹುದು. ಎಂಟೂವರೆಗೆ ಮರಿ ಹಾರಿತು. ಹಾರಿತೆನ್ನುವುದಕ್ಕಿಂತ ರೆಕ್ಕೆ ಬಡಿಯುತ್ತ ಬಿದ್ದಿತೆನ್ನಬೇಕು. ಕರಿಬೇವಿನ ಕೆಳಗಿನ ಕೊಂಬೆಗೆ ತಗುಲಿ ನಿಂತಿತು. ಎರಡನೆಯದು ನೇರವಾಗಿ ನೆಲಕ್ಕೆ ಇಳಿಯಿತು. ಪಕ್ಕದ ಮನೆಯ ಬೆಕ್ಕೇ ಆಗ ನಮ್ಮ ಭಯ. ಆ ಮನೆಯವರು ನಮ್ಮ ಮನೆಯಾಕೆಯ ಮಾತಿಗೆ ಒಪ್ಪಿ ನಾಲ್ಕು ದಿವಸ ಅದನ್ನು ಒಳಗೇ ಕೂಡಿಹಾಕಿಕೊಂಡರು. ಹಾಲು, ಮೀನು ಸರಿಯಾಗಿ ಸಂದರೂ ಅದು ಹಗಲಿರುಳು ಅರಚಿ ಅವರಿಗೆ ನಿದ್ರೆ ಕೊಡಲಿಲ್ಲವಂತೆ. ಆ ಋಣ ನಮ್ಮ ಮೇಲಿದೆ.

ನೆಲದ ಮೇಲೆ ಸಿಕ್ಕಿದ ಮರಿಯನ್ನು ಏನು ಮಾಡಬೇಕೆಂದು ವಾಚಕರು ಅನೇಕ ಸಲ ಕೇಳಿದ್ದಾರೆ. ಪುಕ್ಕ ಬಂದು, ಮೊಂಡು ಬಾಲವಿದ್ದು, ಕುಪ್ಪಳಿಸುವ ಮರಿಯಾದರೆ ಅದು ಅನಾಥವಲ್ಲ. ಹಾರಲು ಚೆನ್ನಾಗಿ ಬರುವ ಮುಂಚೆಯೇ ಗೂಡು ಬಿಡುವುದು ಅವುಗಳ ಪದ್ಧತಿ. ಎಲ್ಲವೂ ಒಂದೇ ಬಟ್ಟಲಿನಲ್ಲಿ ಕೂಡಿರುವುದಕ್ಕಿಂತ ಚದುರಿರುವುದು ಕ್ಷೇಮ. ತಂದೆತಾಯಿಗಳು ಹತ್ತಿರದಲ್ಲಿಯೇ ಇದ್ದು ಮತ್ತೆ ಎರಡು ವಾರದಷ್ಟು ಕಾಲ ಉಣ್ಣಿಸುತ್ತವೆ. ಬೆಕ್ಕು ನಾಯಿಗಳ ದಾರಿಯಲ್ಲಿದ್ದರೆ ಎತ್ತಿ ಹತ್ತಿರದ ಪೊದೆಯ ಮೇಲಿಟ್ಟು ನಾವು ದೂರ ಸರಿದರೆ ಸಾಕು. ಪುಕ್ಕವೇ ಇಲ್ಲದ ಮರಿಯಾದರೆ ಗೂಡಿಗೆ ತಿರುಗಿ ಸೇರಿಸಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ಕುಲದಿಂದ ಹೊರಗೆ ಹಾಕುತ್ತವೆಂಬ ನಂಬಿಕೆ ಎಲ್ಲೆಲ್ಲಿಯೂ ಇದೆ, ನಿಜವಲ್ಲ. ಬಾಯಿಗೆ ಹಾಲನ್ನಾಗಲಿ ನೀರನ್ನಾಗಲಿ ಹನಿಸಕೂಡದು. ಹಾಲು ಹಕ್ಕಿಗೆ ಜೀರ್ಣವಾಗದು, ಹನಿಸಿದ ನೀರು ಶ್ವಾಸನಾಳಕ್ಕೆ ಇಳಿಯುವುದು. ಪಂಜರದಲ್ಲಿಟ್ಟು ಸಾಕುವ ಯೋಚನೆ ಬೇಡವೇ ಬೇಡ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮಾತು ಹಾಗಿರಲಿ, ಪಾರಿಜಾತದ ಮೇಲೆ ಕುಳಿತು ಕರೆಯುವ ತಾಯಿಗೆ ಜವಾಬು ಕೊಡುವುದು ಕಷ್ಟ.

ಎರಡು ಮರಿಗಳೂ ಇನ್ನೂ ಹಿತ್ತಿಲಿನಲ್ಲಿಯೇ ಇವೆ. ಜುಟ್ಟು ಚಿಗುರಿದೆ, ಕಣ್ಣಿನ ಹಿಂದಿನ ಕುಂಕುಮ ಬಂದಿಲ್ಲ, ಬಾಲದ ಬುಡವೂ ಮಸುಕಾದ ಕಿತ್ತಳೆ ಬಣ್ಣ. ಹಣ್ಣನ್ನು ತಾವೇ ಕಿತ್ತು ತಿನ್ನಬಲ್ಲವು, ಆದರೂ ತಾಯಿಯನ್ನು ಕಂಡರೆ ರೆಕ್ಕೆ ನಡುಗಿಸಿ ಬಾಯಿ ತೆರೆಯುತ್ತವೆ. ತಾಯಿ ಒಂದೊಂದು ಸಲ ಕೊಡುತ್ತದೆ, ಒಂದೊಂದು ಸಲ ಮುಖ ತಿರುಗಿಸುತ್ತದೆ.

ಮಾಲಿಯು ಮೊನ್ನೆ ಬೇಲಿಯನ್ನು ಸವರಿದನು. ಬರಿದಾದ ಗೂಡನ್ನು ಹುಡುಗನು ತಂದು ನಮ್ಮ ಪುಸ್ತಕದ ಬೀರುವಿನ ಮೇಲಿಟ್ಟಿದ್ದಾನೆ. ಒಂದು ಸಲ ಮರಿ ಮಾಡಿದ ಗೂಡನ್ನು ಪಿಕಳಾರಗಳು ಮತ್ತೆ ಬಳಸುವುದು ಅಪರೂಪವಾದುದರಿಂದ ಅಡ್ಡಿ ಮಾಡಲಿಲ್ಲ. ಬಾಳೆಯ ನಾರಿನ ಗಂಟು ಹಾಗೆಯೇ ಇದೆ. ಒಳಗಿನ ಹಾಸಿನಲ್ಲಿ, ಬೇರುಗಳ ನಡುವೆ, ನಾಲ್ಕೈದು ಬಿಳಿಯ ಕೂದಲುಗಳು ಸುತ್ತಿಕೊಂಡಿವೆ. ಅವು ನಮ್ಮವೆಂದು ಮನೆಯಾಕೆ ಹೇಳುತ್ತಾಳೆ. ಉದ್ದವನ್ನು ನೋಡಿದರೆ ಅವಳವೇ.